ತಾರಸಿ ತೋಟಕ್ಕೆ ಕರೆಂಟು, ಅಣಬೆ ಕೋಣೆಗೆ ಗ್ಯಾಸು: ಪರವಾನಗಿ ಯಾರಿಗೆ, ತಪಾಸಣೆ ಯಾರದ್ದು?

ಈ ಅಂಕಣದಲ್ಲಿ ಸಾಮಾನ್ಯವಾಗಿ ಗೊಬ್ಬರ, ಬೀಜ, ಕೀಟ ಇಷ್ಟೇ ಬರುತ್ತೆ. ಈ ವಾರ ಗಿಡ ಬಿಟ್ಟು ಮೀಟರ್ ಬೋರ್ಡ್ ಹತ್ತಿರ ಹೋಗೋಣ. ಮಳೆಗಾಲ ಹತ್ತಿರ ಬಂತು, ಅದಕ್ಕೆ ಮುಂಚೆಯೇ ಇದನ್ನು ಹೇಳಿಬಿಡಬೇಕು.

ಮೈಸೂರಿನಲ್ಲಿ ಮನೆಯಲ್ಲೇ ಬೆಳೆಯುವವರ ತೋಟ ನೋಡೋಕೆ ನನ್ನನ್ನು ಕರೀತಾ ಇರ್ತಾರೆ. ಕುವೆಂಪುನಗರದಲ್ಲಿ ತಾರಸಿ ತುಂಬ ಡ್ರಮ್ಮು, ಬೋಗಾದಿ ಕಡೆ ಹಿತ್ತಲಲ್ಲಿ ಸೊಪ್ಪು, ಲಕ್ಷ್ಮೀಪುರಂನ ಹಳೇ ಮನೆಯ ಹಿಂದಿನ ಕೋಣೆಯಲ್ಲಿ ಅಣಬೆ. ಗಿಡದ ಎಲೆ ಹಳದಿ ಆಗಿದೆ ಅಂತ ಹೋದವನ ಕಣ್ಣಿಗೆ ಮೊದಲು ಬೀಳೋದು ಬೇರೆಯೇ. ಸಂಪಿನ ಮೋಟಾರಿನಿಂದ ನೆಲದ ಮೇಲೆ ಹರಿದುಬಂದ ವೈರು, ಅದರ ಮಧ್ಯೆ ಟೇಪ್ ಸುತ್ತಿದ ಜಾಯಿಂಟು, ಆ ಟೇಪಿನ ಪಕ್ಕದಲ್ಲೇ ಹನಿ ನೀರಾವರಿ ಪೈಪು ಸೋರ್ತಾ ಇರುತ್ತೆ. "ಇದನ್ನ ಯಾರು ಮಾಡಿಕೊಟ್ರು?" ಅಂದರೆ, "ನಮ್ಮ ಪ್ಲಂಬರೇ ಮಾಡಿಕೊಟ್ಟ ಸಾರ್" ಅಂತಾರೆ.

ಕರೆಂಟಿನ ಕೆಲಸಕ್ಕೆ ಪರವಾನಗಿ ಬೇಕು ಅಂತ ಬಹಳ ಜನರಿಗೆ ಗೊತ್ತಿದೆ. ಆದರೆ ಅದು ಹೊಸ ಮನೆಗೆ ಮಾತ್ರ ಅಂದುಕೊಂಡಿದ್ದಾರೆ. ಮನೆ ಕಟ್ಟುವಾಗ ಕಂಟ್ರಾಕ್ಟರ್ ಪೇಪರ್ ಕೊಟ್ಟ, ಸೆಸ್ಕ್‌ನವರು ಬಂದು ನೋಡಿ ಮೀಟರ್ ಹಾಕಿದ್ರು, ಆರ್‌ಆರ್ ನಂಬರ್ ಬಂತು, ಅಲ್ಲಿಗೆ ಮುಗೀತು ಅಂತ. ಮನೆಗೆ ಬಂದು ವೈರಿಂಗ್ ನೋಡುವ ಕಣ್ಣು ಅದೇ ಮೊದಲು, ಎಷ್ಟೋ ಮನೆಗಳಲ್ಲಿ ಅದೇ ಕೊನೆ. ನಂತರದ ಹತ್ತಿಪ್ಪತ್ತು ವರ್ಷದಲ್ಲಿ ಮೋಟಾರು, ಗೀಸರು, ಯುಪಿಎಸ್ಸು, ತಾರಸಿಗೆ ದೀಪ, ಸೊಪ್ಪು ಒಣಗಿಸೋ ಡ್ರೈಯರು ಒಂದೊಂದಾಗಿ ಸೇರುತ್ತವೆ. ಇವನ್ನು ನೋಡಲು ಯಾರೂ ಬರುವುದಿಲ್ಲ.

ನಿಯಮ ಏನು ಹೇಳುತ್ತೆ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮೊದಲು 2010ರಲ್ಲಿ ಬಂದವು, ಈಗಿರೋದು 2023ರವು. ಅದರ ಪ್ರಕಾರ ಹೊಸ ವೈರಿಂಗ್ ಮಾತ್ರವಲ್ಲ, ಸೇರ್ಪಡೆ, ಬದಲಾವಣೆ, ರಿಪೇರಿ ಕೂಡ ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ವಿದ್ಯುತ್ ಕಂಟ್ರಾಕ್ಟರೇ ಮಾಡಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ನಿಗಾ ಇರಬೇಕು, ಕೈಯಿಂದ ಕೆಲಸ ಮಾಡುವವನ ಹತ್ತಿರ ವೈರ್‌ಮನ್ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದದ್ದನ್ನು ಇದ್ದ ಹಾಗೇ ಬದಲಾಯಿಸೋಕೆ ಮಾತ್ರ ವಿನಾಯಿತಿ. ಅಂದರೆ ತಾರಸಿಗೆ ಹೊಸದಾಗಿ ಒಂದು ಲೈನ್ ಎಳೆಯೋದು, ಸಂಪಿಗೆ ಮೋಟಾರ್ ಕೂರಿಸೋದು ಎರಡೂ ಈ ನಿಯಮದ ಒಳಗೇ ಬರುತ್ತೆ.

ನಮ್ಮ ರಾಜ್ಯದಲ್ಲಿ ಈ ಲೈಸೆನ್ಸು, ಪರ್ಮಿಟ್ಟು ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಸೆಸ್ಕ್ ಬೇರೆ, ಇದು ಬೇರೆ. ಸೆಸ್ಕ್ ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅದು ಕರೆಂಟು ಮಾರುವ ಕಂಪನಿ. ಪರಿವೀಕ್ಷಣಾಲಯ ಸುರಕ್ಷತೆ ನೋಡುವ ಸರ್ಕಾರಿ ಇಲಾಖೆ. ಸೆಸ್ಕ್ ಲೈನ್‌ಮನ್ ಪರಿಚಯ ಇದ್ದಾನೆ, ಅವನೇ ಸಂಜೆ ಬಂದು ಮಾಡಿಕೊಡ್ತಾನೆ ಅನ್ನೋರಿದ್ದಾರೆ. ಅವನಿಗೆ ಕಂಬದ ಕೆಲಸ ಚೆನ್ನಾಗಿ ಗೊತ್ತಿರಬಹುದು, ನಿಮ್ಮ ಮನೆ ಒಳಗಿನ ಕೆಲಸಕ್ಕೆ ಸಹಿ ಹಾಕುವ ಅಧಿಕಾರ ಅದರಿಂದ ಬರಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇದೇ ನಿಯಮಗಳಲ್ಲಿ ನಿಯತಕಾಲಿಕ ತಪಾಸಣೆ ಅಂತ ಇದೆ, 5 ವರ್ಷ ಮೀರದ ಹಾಗೆ. ದೊಡ್ಡ ವೋಲ್ಟೇಜಿನ ಕಡೆ ಇನ್ಸ್‌ಪೆಕ್ಟರ್ ಬರ್ತಾರೆ. ಸರ್ಕಾರ ಗೊತ್ತುಮಾಡಿದ ವೋಲ್ಟೇಜಿಗಿಂತ ಕೆಳಗಿನ ಕಡೆ ಮಾಲೀಕನೇ ಪರೀಕ್ಷೆ ಮಾಡಿಸಿ ತಾನೇ ದೃಢೀಕರಿಸಬೇಕು. ನಮ್ಮ 230 ವೋಲ್ಟಿನ ಮನೆ ಈ ಎರಡನೇ ಗುಂಪಿನದು. ಇನ್ಸ್‌ಪೆಕ್ಟರ್ ಬಂದಿಲ್ಲ ಅಂತ ಕಾಯೋ ಹಾಗೇ ಇಲ್ಲ, ನಿಯಮದ ಪ್ರಕಾರವೇ ಆ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸಿದ್ದಾರೆ. 15 ಮೀಟರಿಗಿಂತ ಎತ್ತರದ ಅಪಾರ್ಟ್‌ಮೆಂಟಿನ ಲೆಕ್ಕ ಬೇರೆ, ಅಲ್ಲಿ ಕರೆಂಟು ಕೊಡುವ ಮುಂಚೆಯೇ ಪರಿವೀಕ್ಷಣಾಲಯ ನೋಡಬೇಕು.

ಹಾಗಾದರೆ ಏನು ಮಾಡಿಸಬೇಕು? ಲೈಸೆನ್ಸ್ ಇರುವ ಕಂಟ್ರಾಕ್ಟರನ್ನು ಕರೆದು, ಕೆಲಸ ಶುರು ಮಾಡುವ ಮುಂಚೆ ಲೈಸೆನ್ಸ್ ಪ್ರತಿ ಕೇಳಿ. ನಂಬರ್ರು, ಅವಧಿ ಎರಡೂ ನೋಡಿ. ನಮ್ಮ ಕಡೆ ಇದನ್ನ ಕೇಳೋಕೆ ಸಂಕೋಚ. ಬೀಜ ತರುವಾಗ ಪ್ಯಾಕೆಟ್ ಮೇಲಿನ ತಾರೀಕು ನೋಡ್ತೀವಲ್ಲ, ಹಾಗೇ ಕೇಳಿ. ಕೆಲಸ ಮುಗಿದ ಮೇಲೆ ಪೂರ್ಣಗೊಂಡ ವರದಿ ಬರೆಸ್ಕೊಳ್ಳಿ. ಅದರಲ್ಲಿ ಎರಡು ಸಂಖ್ಯೆ ಇರಲೇಬೇಕು. ಒಂದು, 500 ವೋಲ್ಟಿನ ಮೆಗ್ಗರ್‌ನಲ್ಲಿ ವೈರಿನ ಇನ್ಸುಲೇಷನ್ ಎಷ್ಟು ಬಂತು ಅಂತ, ಅದು 1 ಮೆಗಾ ಓಂಗಿಂತ ಕಡಿಮೆ ಇರಬಾರದು. ಎರಡು, ಅರ್ತ್ ಟೆಸ್ಟರ್‌ನಲ್ಲಿ ಅರ್ತಿಂಗ್ ಎಷ್ಟು ಓಂ ಬಂತು ಅಂತ. ಮೆಗ್ಗರ್ ಇಲ್ಲದ ಎಲೆಕ್ಟ್ರಿಷಿಯನ್, ಥರ್ಮಾಮೀಟರ್ ಇಲ್ಲದ ಡಾಕ್ಟರ್ ಇದ್ದ ಹಾಗೆ ಅಂತ ನಮ್ಮ ಕಂಟ್ರಾಕ್ಟರ್ ಒಬ್ಬರು ಹೇಳ್ತಿರ್ತಾರೆ.

ಲೋಡ್ ಕೂಡ ನೋಡ್ಕೊಳ್ಳಿ. ಬಿಲ್ಲಿನಲ್ಲೇ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತೆ. 1 ಎಚ್‌ಪಿ ಮೋಟಾರ್ ಅಂದರೆ 746 ವ್ಯಾಟ್, ಗೀಸರ್ 2 ಕಿಲೋವ್ಯಾಟ್, ಸಣ್ಣ ಎಲೆಕ್ಟ್ರಿಕ್ ಡ್ರೈಯರ್ ಇನ್ನೊಂದು ಕಿಲೋವ್ಯಾಟ್. 2 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಇವೆಲ್ಲ ಬೆಳಿಗ್ಗೆ ಒಟ್ಟಿಗೇ ಓಡಿದರೆ ಬಿಸಿಯಾಗೋದು ನಿಮ್ಮ ಗೋಡೆಯೊಳಗಿನ ವೈರೇ. ಹೆಚ್ಚುವರಿ ಲೋಡಿಗೆ ಸೆಸ್ಕ್ ಉಪವಿಭಾಗದಲ್ಲಿ ಅರ್ಜಿ ಹಾಕಿ, ಕಂಟ್ರಾಕ್ಟರ್ ವರದಿ ಜೊತೆಗಿಟ್ಟರೆ ಆಯ್ತು. ತಿಂಗಳ ನಿಗದಿತ ಶುಲ್ಕ ಸ್ವಲ್ಪ ಏರುತ್ತೆ ಅಷ್ಟೇ. ಹೊಸ ಮನೆಗೆ ಹೊಸ ಸಂಪರ್ಕ ಕೇಳುವವರು ಸ್ವಾಧೀನ ಪತ್ರದ ಬಗ್ಗೆ ಮೊದಲೇ ಉಪವಿಭಾಗದಲ್ಲಿ ವಿಚಾರಿಸಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಆ ಪತ್ರ ಇಲ್ಲದೆ ಸಂಪರ್ಕ ಕೊಡುವ ವಿಷಯ ಬಿಗಿಯಾಗಿದೆ.

ಅರ್ತಿಂಗ್ ಗುಂಡಿ ಮಣ್ಣಿನ ವಿಷಯ

ಇಲ್ಲಿ ನಾನು ತೋಟಗಾರಿಕೆ ಓದಿದವನಾಗಿ ಸ್ವಲ್ಪ ಹೆಚ್ಚು ಮಾತಾಡ್ತೀನಿ. ಅರ್ತಿಂಗ್ ಅನ್ನೋದು ವೈರಿನ ವಿಷಯ ಅಂತ ಎಲ್ಲರೂ ತಿಳಿದಿದ್ದಾರೆ. ಅರ್ಧ ಮಾತ್ರ ಹೌದು, ಇನ್ನರ್ಧ ಮಣ್ಣಿನ ವಿಷಯ. ಮೋಟಾರಿನ ಬಾಡಿಗೆ ಕರೆಂಟು ಸೋರಿದರೆ ಅದು ಪೈಪಿನ ಮೂಲಕ ಮಣ್ಣಿಗೆ ಇಳೀಬೇಕು. ಮಣ್ಣಿನಲ್ಲಿ ಕರೆಂಟು ಹರಿಯೋದು ತೇವ ಮತ್ತು ಅದರಲ್ಲಿ ಕರಗಿದ ಲವಣದಿಂದ. ಒಣ ಮಣ್ಣು ಕರೆಂಟಿಗೆ ದಾರಿ ಕೊಡಲ್ಲ.

ಮೈಸೂರಿನ ಸುತ್ತ ಬಹುಪಾಲು ಕೆಂಪು ಮಣ್ಣು, ಮರಳಿನ ಅಂಶ ಹೆಚ್ಚು, ನೀರು ಬೇಗ ಬಸಿಯುತ್ತೆ. ಗಿಡಕ್ಕೆ ಇದು ಒಳ್ಳೇದು, ಬೇರು ಕೊಳೆಯಲ್ಲ. ಅರ್ತಿಂಗಿಗೆ ಇದೇ ತೊಂದರೆ. ಅಕ್ಟೋಬರ್‌ನಲ್ಲಿ ಚೆನ್ನಾಗಿ ಬಂದ ಓಂ ಲೆಕ್ಕ ಏಪ್ರಿಲ್‌ಗೆ ಏರಿರುತ್ತೆ. ಅದಕ್ಕೇ ಅಳತೆ ಮಾಡಿಸೋದಾದ್ರೆ ಬೇಸಿಗೆಯಲ್ಲಿ ಮಾಡಿಸಿ. ಒಣಗಿದಾಗ ಪಾಸಾದರೆ ವರ್ಷವಿಡೀ ಪಾಸು.

ಈಗಿನ ಮನೆಗಳಲ್ಲಿ ಇನ್ನೊಂದು ನೋಡ್ತೀನಿ. ಕಾಂಪೌಂಡಿನ ಒಳಗೆಲ್ಲ ಟೈಲ್ಸ್ ಹಾಕಿ ಅರ್ತಿಂಗ್ ಗುಂಡಿಯನ್ನೂ ಮುಚ್ಚಿಬಿಟ್ಟಿರ್ತಾರೆ. ಮಳೆ ನೀರು ಒಂದು ಹನಿ ಇಳಿಯಲ್ಲ. ಗುಂಡಿಯ ಬಾಯಿ ತೆರೆದಿರಲಿ, ಮೇಲೊಂದು ಮುಚ್ಚಳ ಇರಲಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ಪಾತ್ರೆ ತೊಳೆದ ನೀರಾದರೂ ಪರವಾಗಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬುವ ಹಳೇ ಪದ್ಧತಿ ಇದೆ. ಕೆಲಸ ಮಾಡುತ್ತೆ, ಆದರೆ ಉಪ್ಪು ನೀರಿನ ಜೊತೆ ಬಸಿದು ಹೋಗುತ್ತೆ, ಕಬ್ಬಿಣದ ಪೈಪನ್ನೂ ತಿನ್ನುತ್ತೆ, ಪಕ್ಕದ ಗಿಡವನ್ನೂ ಕೊಲ್ಲುತ್ತೆ. ಕರಿಬೇವು ಅಲ್ಲೇ ಯಾಕೆ ಒಣಗಿತು ಅಂತ ಕೇಳಿದವರೊಬ್ಬರ ಮನೆಯಲ್ಲಿ ಗಿಡ ನೆಟ್ಟಿದ್ದು ಗುಂಡಿಯಿಂದ ಒಂದು ಅಡಿ ದೂರ. ರೋಗ ಏನೂ ಇರಲಿಲ್ಲ, ಬೇರಿಗೆ ಉಪ್ಪು ಸಿಕ್ಕಿತ್ತು ಅಷ್ಟೇ. ಈಗ ಬೆಂಟೋನೈಟ್ ಜೇಡಿ ತುಂಬುವ ಪದ್ಧತಿ ಬಂದಿದೆ. ಅದು ತೇವ ಹಿಡಿದಿಟ್ಟುಕೊಳ್ಳುತ್ತೆ, ಗಿಡಕ್ಕೂ ತೊಂದರೆ ಇಲ್ಲ. ಹೊಸದಾಗಿ ಮಾಡಿಸುವವರು ಅದನ್ನೇ ಕೇಳಿ.

ಆರ್‌ಸಿಸಿಬಿ ಬಿದ್ದರೆ ಬೈಬೇಡಿ

ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಅದು ಬೀಳುತ್ತೆ ಅಂತ ನಂಬಿರುವವರು ತುಂಬ ಜನ. ಎಂಸಿಬಿ ವೈರನ್ನು ಕಾಯುತ್ತೆ, ಮನುಷ್ಯನನ್ನು ಕಾಯಲ್ಲ. ಮನುಷ್ಯನ ಮೈಯಲ್ಲಿ ಹರಿದು ಪ್ರಾಣ ತೆಗೆಯೋಕೆ ಬೇಕಾದ ಕರೆಂಟು ಎಂಸಿಬಿಯ ಲೆಕ್ಕಕ್ಕೇ ಬರದಷ್ಟು ಸಣ್ಣದು. ಅದನ್ನು ಹಿಡಿಯೋದು ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ಇಟ್ಟುಕೊಂಡಿರುತ್ತೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸೋದ್ರಲ್ಲಿ ಲೈನ್ ಕತ್ತರಿಸುತ್ತೆ. ಕೊಳ್ಳುವಾಗ ಮೇಲೆ 30 ಅಂತ ಬರೆದಿದೆಯಾ ನೋಡಿ. 100, 300ರವೂ ಸಿಗುತ್ತವೆ, ಅವು ಜನರ ರಕ್ಷಣೆಗೆ ಸಾಲದು. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೇ ಮುಟ್ಟಿದರೆ ಆರ್‌ಸಿಸಿಬಿಗೂ ಗೊತ್ತಾಗಲ್ಲ, ಅದೂ ನೆನಪಿರಲಿ.

ತೋಟದ ಕೆಲಸ ಅಂದರೆ ಬರಿಗಾಲು, ಒದ್ದೆ ಕೈ, ಒದ್ದೆ ನೆಲ. ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಸ್ವಿಚ್ ಒತ್ತುವವನಿಗಿಂತ ನಮಗೆ ಅಪಾಯ ಜಾಸ್ತಿ. ಅಣಬೆ ಕೋಣೆಯಲ್ಲಂತೂ ತೇವಾಂಶ ಶೇ. 80ರಿಂದ 90 ಇಟ್ಟಿರ್ತೀವಿ. ಗೋಡೆ, ಸ್ವಿಚ್ ಬೋರ್ಡು, ಹ್ಯುಮಿಡಿಫೈಯರ್ ಎಲ್ಲದರ ಮೇಲೂ ನೀರ ಹನಿ ಕೂತಿರುತ್ತೆ. ಸ್ವಿಚ್ಚುಗಳೆಲ್ಲ ಕೋಣೆಯ ಹೊರಗಿರಲಿ, ಆ ಕೋಣೆಗೇ ಬೇರೆ ಲೈನು, ಬೇರೆ ಆರ್‌ಸಿಸಿಬಿ ಇರಲಿ.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತೆ, ಮನೆಯವರು ರೇಗ್ತಾರೆ, ಎಲೆಕ್ಟ್ರಿಷಿಯನ್ ಬಂದು ಬೈಪಾಸ್ ಮಾಡಿ ಹೋಗ್ತಾನೆ. ನಾನು ನೋಡಿದ ತೋಟದ ಮನೆಗಳಲ್ಲಿ ಇದಕ್ಕಿಂತ ಕೆಟ್ಟ ರಿಪೇರಿ ಇನ್ನೊಂದಿಲ್ಲ. ಬೀಳ್ತಾ ಇದೆ ಅಂದರೆ ಎಲ್ಲೋ ಸೋರ್ತಾ ಇದೆ: ಮೋಟಾರಿನ ಕಾಯಿಲ್ ಒದ್ದೆ, ತಾರಸಿ ಪ್ಲಗ್ಗಿನೊಳಗೆ ನೀರು, ಅಥವಾ ಯುಪಿಎಸ್ ಹಾಕುವಾಗ ನ್ಯೂಟ್ರಲ್ ಬೆರೆಸಿದ್ದಾರೆ. ಒಂದೊಂದೇ ಎಂಸಿಬಿ ಇಳಿಸಿ ಯಾವ ಲೈನಿನಲ್ಲಿ ಬೀಳುತ್ತೆ ಅಂತ ಪತ್ತೆ ಮಾಡಬಹುದು, ಮುಂದಿನದು ಕಂಟ್ರಾಕ್ಟರ್ ಕೆಲಸ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದರೂ ಬೀಳದಿದ್ದರೆ ಅದು ಸತ್ತಿದೆ, ಬದಲಾಯಿಸಿ.

ಮೋಟಾರಿನ ಮೂರು ಪಿನ್ನಿನ ಪ್ಲಗ್ಗು ಎರಡು ಪಿನ್ನಿನ ಬಾಕ್ಸಿಗೆ ಕೂರಲ್ಲ ಅಂತ ದೊಡ್ಡ ಪಿನ್ ಮುರಿಯೋದನ್ನೂ ನೋಡಿದ್ದೀನಿ. ಆ ದೊಡ್ಡ ಪಿನ್ನೇ ಅರ್ತು. ಸಂಪಿಗೆ ಇಳಿಯುವ ಮುಂಚೆ ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಕಡೆ ಇಡಿ.

ಚಪ್ಪರ ಮತ್ತು ಲೈನು

ಹಳೇ ಬಡಾವಣೆಗಳಲ್ಲಿ ಲೈನು ತಾರಸಿ ಪಕ್ಕದಲ್ಲೇ ಹಾದುಹೋಗುತ್ತೆ. ಮನೆಗೆ ಕರೆಂಟು ಕೊಡುವ ಸಾಮಾನ್ಯ ಲೈನು ಕಟ್ಟಡದ ಮೇಲೆ ಹಾದರೆ ಎತ್ತರದ ಭಾಗದಿಂದ 2.5 ಮೀಟರ್, ಪಕ್ಕದಲ್ಲಿ ಹಾದರೆ 1.2 ಮೀಟರ್ ಅಂತರ ಇರಬೇಕು. 11 ಕೆವಿ ಲೈನಿಗೆ ಮೇಲೆ 3.7 ಮೀಟರ್. ಮನೆ ಕಟ್ಟಿದಾಗ ಈ ಅಂತರ ಸರಿಯಾಗೇ ಇದ್ದಿರಬಹುದು. ಆಮೇಲೆ ನೀವು ಹೀರೆ, ತೊಂಡೆಗೆ ಏಳಡಿ ಕಬ್ಬಿಣದ ಚಪ್ಪರ ಹಾಕಿದಿರಿ. ಈಗ ಎತ್ತರದ ಭಾಗ ಅಂದರೆ ಆ ಚಪ್ಪರ. ಇಂಥ ಸೇರ್ಪಡೆ ಮಾಡುವ ಮುಂಚೆ ಸೆಸ್ಕ್‌ಗೆ ಬರೆದು ತಿಳಿಸಬೇಕು ಅಂತಲೂ ನಿಯಮ ಇದೆ. ಲೈನ್ ಹತ್ತಿರದ ಕಡೆ ಚಪ್ಪರವೇ ಬೇಡ, ಕುಂಡದಲ್ಲಿ ಗಿಡ್ಡ ಬದನೆ, ಮೆಣಸಿನಕಾಯಿ ಇಡಿ ಅಂತ ನಾನು ಹೇಳ್ತೀನಿ.

ಮಾವು, ತೆಂಗು ಕೀಳೋಕೆ ಅಲ್ಯೂಮಿನಿಯಂ ದೋಟಿ ಬಂದಿದೆ, ಹಗುರ ಅಂತ ಎಲ್ಲರೂ ಕೊಳ್ತಾರೆ. ಲೈನ್ ಹತ್ತಿರದ ಮರಕ್ಕೆ ಅದು ಬೇಡವೇ ಬೇಡ. ಕೊಂಬೆ ಲೈನಿಗೆ ತಾಗ್ತಾ ಇದ್ದರೆ ನೀವು ಕತ್ತಿ ಎತ್ಕೋಬೇಡಿ, 1912ಕ್ಕೆ ಫೋನ್ ಮಾಡಿ. ಅವರು ಎಲ್‌ಸಿ ತಗೊಂಡು, ಅಂದರೆ ಲೈನ್ ಬಂದ್ ಮಾಡಿಸಿ, ಕಡಿಯುತ್ತಾರೆ. ಎರಡು ಮೂರು ಸಲ ಫೋನ್ ಮಾಡಬೇಕಾಗಬಹುದು, ಮಾಡಿ.

ಊರಾಚೆ ಜಮೀನು ಇರುವವರಿಗೆ ಒಂದೇ ಮಾತು. ಹಂದಿ ಕಾಟಕ್ಕೆ ಮನೆ ಲೈನನ್ನು ಬೇಲಿಗೆ ಕೊಡೋದಕ್ಕೆ ಯಾವ ಪರವಾನಗಿಯೂ ಇಲ್ಲ, ಯಾರೂ ಕೊಡಲ್ಲ, ಸತ್ತರೆ ಕ್ರಿಮಿನಲ್ ಕೇಸು. ಸೋಲಾರ್ ಬೇಲಿಯ ಯಂತ್ರ ಕ್ಷಣ ಕ್ಷಣಕ್ಕೆ ಬಿಟ್ಟು ಬಿಟ್ಟು ಹೊಡೆಯುತ್ತೆ, ಅದು ಬೇರೆ ಸಂಗತಿ.

ಗ್ಯಾಸಿನ ಕಡೆ

2024ರ ಮೇ ತಿಂಗಳಲ್ಲಿ ನಮ್ಮ ಮೈಸೂರಿನ ಯರಗನಹಳ್ಳಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಿದ್ದ ಒಂದೇ ಕುಟುಂಬದ ನಾಲ್ವರು ಮನೆಯೊಳಗೇ ಸತ್ತಿದ್ದರು. ಸಿಲಿಂಡರಿನಿಂದ ಅನಿಲ ಸೋರಿರಬೇಕು ಅಂತ ಶಂಕೆ. ಬೆಂಕಿಯೂ ಇಲ್ಲ, ಸ್ಫೋಟವೂ ಇಲ್ಲ. ಗ್ಯಾಸ್ ಅಂದರೆ ಬೆಂಕಿಯ ಭಯ ಮಾತ್ರ ನಮಗೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉಸಿರಾಡುವ ಗಾಳಿಯನ್ನೇ ತಳ್ಳಿ ಆ ಜಾಗದಲ್ಲಿ ಕೂರುತ್ತೆ.

ಇದನ್ನು ಕೃಷಿ ಅಂಕಣದಲ್ಲಿ ಯಾಕೆ ಬರೀತಿದ್ದೀನಿ ಅಂದರೆ, ನಮ್ಮ ಅಣಬೆ ಬೆಳೆಗಾರರ ಕೋಣೆ ಹಾಗೇ ಇರುತ್ತೆ. ಕಿಟಕಿಗೆ ಪ್ಲಾಸ್ಟಿಕ್ಕು, ಬಾಗಿಲಿಗೆ ಒದ್ದೆ ಗೋಣಿ. ಅದೇ ಕೋಣೆಯ ಮೂಲೆಯಲ್ಲಿ ಡ್ರಮ್ ಇಟ್ಟು ಮನೆ ಸಿಲಿಂಡರಿನಲ್ಲಿ ಭತ್ತದ ಹುಲ್ಲು ಬೇಯಿಸ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿ ತಗ್ಗಿನಲ್ಲಿ, ಚರಂಡಿಯಲ್ಲಿ, ಸಂಪಿನ ಬಾಯಲ್ಲಿ ನಿಲ್ಲುತ್ತೆ. ಹುಲ್ಲು ಬೇಯಿಸೋದು ಹೊರಗಡೆ, ಸೂರಿನ ಕೆಳಗೆ ಆದರೂ ಸುತ್ತ ಗಾಳಿ ಆಡುವ ಕಡೆ ಮಾಡಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಕಿಟಕಿಯಿಂದ ಹಿತ್ತಲಿಗೆ ಉದ್ದ ಪೈಪ್ ಎಳೆಯೋದು, ಟೀ ಜಾಯಿಂಟ್ ಹಾಕಿ ಎರಡು ಒಲೆ ಮಾಡೋದು ಬೇಡ. ಸುರಕ್ಷಾ ಹೋಸ್ ಅಂತ ಕಿತ್ತಳೆ ಬಣ್ಣದ ಐಎಸ್‌ಐ ಪೈಪು ಬರುತ್ತಲ್ಲ, ಒಂದೂವರೆ ಮೀಟರಿಗಿಂತ ಉದ್ದ ಇರಬಾರದು. ಅದರ ಮೇಲೆ ತಾರೀಕು ಅಚ್ಚಾಗಿರುತ್ತೆ, 5 ವರ್ಷ ಆದರೆ ಬದಲಾಯಿಸಿ.

ಪರವಾನಗಿ ವಿಷಯ ಹೀಗಿದೆ. 14.2 ಕೆಜಿಯ ಮನೆ ಸಿಲಿಂಡರ್ ಮನೆ ಅಡುಗೆಗೆ ಮಾತ್ರ ಅಂತ 2000ದ ಎಲ್‌ಪಿಜಿ ಆದೇಶ ಹೇಳುತ್ತೆ. ಮಾರೋಕೆ ಅಣಬೆ ಬೆಳೀತೀರಿ, ಜಾಮು, ಹಪ್ಪಳ, ಉಪ್ಪಿನಕಾಯಿ ಮಾಡ್ತೀರಿ ಅಂದರೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ತಗೋಬೇಕು. ಬೆಲೆ ಹೆಚ್ಚು, ಒಪ್ತೀನಿ. ಒಟ್ಟು 100 ಕೆಜಿ ಒಳಗೆ ಇಟ್ಟುಕೊಳ್ಳೋಕೆ ಸ್ಫೋಟಕ ಇಲಾಖೆಯ ಲೈಸೆನ್ಸ್ ಬೇಡ, ಹಾಗಾಗಿ ಸಣ್ಣ ಬೆಳೆಗಾರನಿಗೆ ಇದರಲ್ಲಿ ಕಾಗದದ ತೊಂದರೆ ಅಷ್ಟಿಲ್ಲ.

ಗ್ಯಾಸಿಗೆ ಕರೆಂಟಿನ ಹಾಗಲ್ಲ, ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ಏಜೆನ್ಸಿಯ ಮೆಕ್ಯಾನಿಕ್ 5 ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಮಾಡಬೇಕು. ಬಂದವನ ಗುರುತಿನ ಚೀಟಿ ನೋಡಿ, ಏಜೆನ್ಸಿಗೆ ಒಂದು ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ಆ ಹೆಸರಿನಲ್ಲಿ ಬೇಡದ ಸಾಮಾನು ಮಾರುವವರೂ ತಿರುಗ್ತಾರೆ. ತಪಾಸಣೆ ಪಟ್ಟಿಯ ಪ್ರತಿ ಇಸ್ಕೊಂಡು ಇಡಿ. ಸಿಲಿಂಡರ್ ತಗೊಳ್ಳುವಾಗ ಹಿಡಿಯ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ ಮತ್ತು ವರ್ಷ ಇರುತ್ತೆ. ಎ ಅಂದರೆ ಜನವರಿಯಿಂದ ಮಾರ್ಚ್, ಹೀಗೇ ಮೂರು ಮೂರು ತಿಂಗಳು. ಅದು ಮುಂದಿನ ಪರೀಕ್ಷೆಯ ಗಡುವು. ಗಡುವು ದಾಟಿದ್ದರೆ ವಾಪಸ್ ಕಳಿಸಿ.

ಬಾಡಿಗೆ ಮನೆಯವರು ಇದನ್ನ ಗಮನಿಸಿ. ಎಲ್‌ಪಿಜಿ ಅಪಘಾತಕ್ಕೆ ತೈಲ ಕಂಪನಿಗಳ ಸಾಮೂಹಿಕ ವಿಮೆ ಇದೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ. ಆದರೆ ಆ ಆಸ್ತಿ ಪರಿಹಾರ ಏಜೆನ್ಸಿಯಲ್ಲಿ ನೋಂದಾಯಿಸಿದ ವಿಳಾಸಕ್ಕೆ ಮಾತ್ರ. ಸರಸ್ವತಿಪುರಂ ವಿಳಾಸದ ಸಿಲಿಂಡರನ್ನು ಹೆಬ್ಬಾಳಕ್ಕೆ ಹೊತ್ಕೊಂಡು ಹೋಗಿದ್ದರೆ ವಿಳಾಸ ಬದಲಾಯಿಸಿಕೊಳ್ಳಿ.

ಪೈಪ್ ಗ್ಯಾಸ್ ಬಂದಿರುವ ಬಡಾವಣೆಗಳಲ್ಲಿ ಲೆಕ್ಕ ತಿರುಗಾ ಮುರುಗಾ. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತೆ. ಅಲ್ಲಿ ಚಾವಣಿ ಹತ್ತಿರ ಗಾಳಿಕಿಂಡಿ ತೆರೆದಿರಬೇಕು. ಮೀಟರು, ಪೈಪನ್ನು ಕಂಪನಿಯವರೇ ಮುಟ್ಟಬೇಕು. ಅಡುಗೆಮನೆ ದುರಸ್ತಿ ಮಾಡಿಸುವಾಗ ಬಡಗಿ ಪೈಪನ್ನು ಕಪಾಟಿನೊಳಗೆ ಮುಚ್ಚಿಬಿಡ್ತಾನೆ, ನಿಂತು ನೋಡ್ಕೊಳ್ಳಿ. ಹಿತ್ತಲಲ್ಲಿ ಸಣ್ಣ ಬಯೋಗ್ಯಾಸ್ ಇಟ್ಟವರಿಗೂ ಮೀಥೇನಿನ ಇದೇ ಮಾತು. ಎಲ್‌ಪಿಜಿ ಒಲೆಗೇ ಬಯೋಗ್ಯಾಸ್ ಪೈಪ್ ಸಿಕ್ಕಿಸಬೇಡಿ, ಬರ್ನರಿನ ತೂತಿನ ಅಳತೆಯೇ ಬೇರೆ.

ಗ್ಯಾಸ್ ವಾಸನೆ ಬಂದರೆ ದೀಪ ಹಾಕೋದೂ ಬೇಡ, ಆರಿಸೋದೂ ಬೇಡ, ಸ್ವಿಚ್ಚಿನ ಕಿಡಿ ಎರಡರಲ್ಲೂ ಬರುತ್ತೆ. ರೆಗ್ಯುಲೇಟರ್ ತಿರುಗಿಸಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಸಿಲಿಂಡರಿಗೆ ಈ ನಂಬರ್ 24 ಗಂಟೆಯೂ ಇದೆ, ಪೈಪ್ ಗ್ಯಾಸಿನವರು ಬಿಲ್ಲಿನ ಮೇಲಿರುವ ತುರ್ತು ನಂಬರ್ ಬಳಸಿ. ನಾನು 1912, 1906 ಎರಡನ್ನೂ ಮೀಟರ್ ಬೋರ್ಡಿನ ಬಾಗಿಲ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೀನಿ, ಪಕ್ಕದಲ್ಲೇ ಕಂಟ್ರಾಕ್ಟರ್ ಲೈಸೆನ್ಸ್ ನಂಬರ್ರು, ಕೊನೆಯ ಸಲ ಅರ್ತ್ ಅಳತೆ ಮಾಡಿಸಿದ ತಾರೀಕು.

ಮುಂದಿನ ವಾರ ಮಳೆಗೆ ಮುಂಚೆ ಶುಂಠಿ ಗಡ್ಡೆಯ ಬೀಜೋಪಚಾರ.